ಕಾಯಿ, ಒಗ್ಗರಣೆ, ತಕ್ಕಡಿ: ಸಸ್ಯಾಹಾರದಲ್ಲೇ ತೂಕ ಇಳಿಸಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ನನ್ನ ಕಥೆ ನಾಲ್ಕು ಸಾಲಿನಲ್ಲಿ. ಊರು ತಿಪಟೂರು ಕಡೆ, ಇರುವುದು ಬೆಂಗಳೂರಿನಲ್ಲಿ. ಹೆಂಡತಿಗೆ ಶಿಫ್ಟ್ ಕೆಲಸ, ಹಾಗಾಗಿ ವಾರದಲ್ಲಿ ಐದು ದಿನ ಅಡುಗೆ ನನ್ನದೇ. ಮನೆಯಲ್ಲಿ ನಾಲ್ಕು ಜನ: ನಾವಿಬ್ಬರು, ಅಮ್ಮ, ಹೈಸ್ಕೂಲಿಗೆ ಹೋಗುವ ಮಗಳು. 87 ಕೆಜಿ ಇದ್ದವನು ಹದಿನಾರು ತಿಂಗಳಲ್ಲಿ 74ಕ್ಕೆ ಬಂದಿದ್ದೇನೆ. ಗುರಿ 68, ಇನ್ನೂ ದಾರಿ ಇದೆ. ಆಫೀಸಿನವರು, ನೆಂಟರು, ಪಕ್ಕದ ಮನೆಯವರು ಎಲ್ಲರೂ ತಿರುಗಿಸಿ ಮುರುಗಿಸಿ ಅವೇ ಪ್ರಶ್ನೆ ಕೇಳುತ್ತಾರೆ, ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟೆ. ನಾನು ಡಾಕ್ಟರ್ ಅಲ್ಲ, ಅಡುಗೆ ಮಾಡುವವನು. ದಿನಾ ಮಾತ್ರೆ ತೆಗೆದುಕೊಳ್ಳುವವರಿಗೆ ಕೆಳಗೆ ಬೇರೆಯೇ ಒಂದು ಪ್ರಶ್ನೆ ಇದೆ, ಅದನ್ನು ಮೊದಲು ಓದಿ.

ಸಸ್ಯಾಹಾರ ಅಂದಮೇಲೆ ತೂಕ ತಾನಾಗೇ ಇಳಿಯಬೇಕಲ್ವಾ?

ಇಳಿಯಲ್ಲ. ನಾನು ಹುಟ್ಟಿದಾಗಿನಿಂದ ಸಸ್ಯಾಹಾರಿ. 87 ಕೆಜಿ ಆಗಿದ್ದೂ ಅದನ್ನೇ ತಿಂದು. ಮದ್ದೂರು ವಡೆ ಸಸ್ಯಾಹಾರ, ಮೆಣಸಿನಕಾಯಿ ಬಜ್ಜಿ ಸಸ್ಯಾಹಾರ, ರಾತ್ರಿ ಟಿವಿ ಮುಂದೆ ಖಾಲಿಯಾಗುವ ಖಾರಾ ಬೂಂದಿ ಕೂಡ ಸಸ್ಯಾಹಾರವೇ.

ನಮ್ಮ ತಟ್ಟೆಯನ್ನು ಒಮ್ಮೆ ನೋಡಿ. ಮಧ್ಯದಲ್ಲಿ ಅನ್ನದ ಗುಡ್ಡ, ಅದರ ಮೇಲೆ ಸಾರು. ಮೂಲೆಯಲ್ಲಿ ಎರಡು ಚಮಚ ಪಲ್ಯ, ಅದರ ಪಕ್ಕ ಉಪ್ಪಿನಕಾಯಿ. ನಾನು ಮಾಡಿದ ಮುಖ್ಯ ಕೆಲಸ ಇದನ್ನು ತಿರುಗಿಸಿದ್ದು. ಕಾಳು ಹಾಕಿದ ಪಲ್ಯ ಅರ್ಧ ತಟ್ಟೆ, ಅನ್ನ ಅಥವಾ ಮುದ್ದೆ ಕಾಲು ತಟ್ಟೆ, ಉಳಿದ ಕಾಲಿಗೆ ಕೋಸಂಬರಿ ಅಥವಾ ಹಸಿ ತರಕಾರಿ. ಅಡುಗೆಯ ಹೆಸರು ಒಂದೂ ಬದಲಾಗಲಿಲ್ಲ. ಕ್ವಿನೋವಾ ತರಲಿಲ್ಲ, ಅವಕಾಡೊ ತರಲಿಲ್ಲ. ಅಳತೆ ಮಾತ್ರ ಬದಲಾಯಿತು.

ಹಾಲು, ಮೊಸರು, ತುಪ್ಪ ಬಿಡಲೇಬೇಕಾ?

ತೂಕಕ್ಕಾಗಿ ಬಿಡಲೇಬೇಕು ಅಂತೇನಿಲ್ಲ. ಮೊಸರು ತಿಂದುಕೊಂಡೇ ಇಳಿಸಿದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹಾಲು ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ, ಹೊಟ್ಟೆ ಉಬ್ಬರಿಸುತ್ತಿತ್ತು. ಬಿಟ್ಟು ನೋಡಿದೆ, ಹಾಯಾಯಿತು, ಹಾಗೇ ಮುಂದುವರಿಸಿದೆ. ತುಪ್ಪ ಬಿಡೋದು ಸುಲಭ. ಕೊನೆಯ ತುತ್ತಿಗೆ ಮಜ್ಜಿಗೆ ಇಲ್ಲದಿರೋದು ಮಾತ್ರ ನಿಜವಾದ ಕಷ್ಟ. ಮೊದಲ ಎರಡು ವಾರ ಊಟ ಮುಗಿದ ಹಾಗೇ ಅನ್ನಿಸುತ್ತಿರಲಿಲ್ಲ.

ಈಗ ಕಡಲೆಕಾಯಿ ಬೀಜದ ಮೊಸರು ಮಾಡುತ್ತೇನೆ. ಬೀಜ ರಾತ್ರಿ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಸೋಸಿ, ಕಾಯಿಸಬೇಕು. ಉಗುರು ಬೆಚ್ಚಗಾದ ಮೇಲೆ ಹಸಿಮೆಣಸಿನಕಾಯಿಯ ನಾಲ್ಕೈದು ತೊಟ್ಟು ಹಾಕಿ ಮುಚ್ಚಿಟ್ಟರೆ ಹೆಪ್ಪಾಗುತ್ತೆ. ಮೊದಲ ಸಲದ್ದು ಸ್ವಲ್ಪ ವಾಸನೆ. ಅದನ್ನೇ ಹೆಪ್ಪಿಗೆ ಇಟ್ಟುಕೊಂಡು ಎರಡನೇ ಸಲ ಮಾಡಿದ್ದು ಚೆನ್ನಾಗಿರುತ್ತೆ. ಒಂದೆಲಗದ ತಂಬುಳಿಗೆ ಇದು ಸಾಕು. ಬರೀ ಮೊಸರನ್ನ ತಿನ್ನಲು ಅಮ್ಮ ಒಪ್ಪಲಿಲ್ಲ, ಅವರಿಗೆ ಹಸುವಿನ ಮೊಸರು ಬರುತ್ತೆ. ಜಗಳ ಬೇಡ ಅಂತ ನಾನೂ ಸುಮ್ಮನಿದ್ದೇನೆ.

ಗುರಿ ಎಷ್ಟು ಇಟ್ಟುಕೊಳ್ಳಬೇಕು?

ನಮ್ಮ ದೇಶದವರಿಗೆ ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಡಾಕ್ಟರುಗಳು ಲೆಕ್ಕ ಹಿಡಿಯುತ್ತಾರೆ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಬರುತ್ತೆ. ನನ್ನ ಎತ್ತರ 172 ಸೆಂ.ಮೀ. 87 ಕೆಜಿಗೆ 29ರ ಮೇಲಿತ್ತು, ಈಗ 25. 68ಕ್ಕೆ ಬಂದರೆ 23. ಅದಕ್ಕೇ ಆ ಗುರಿ.

ಸೊಂಟದ ಸುತ್ತಳತೆ ಇನ್ನೂ ಮುಖ್ಯ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು ಅಂತ ಲೆಕ್ಕ. ಟೇಲರ್ ಟೇಪ್ ಒಂದು ಸಾಕು. ಪ್ಯಾಂಟಿನ ಸೈಜ್ ನಂಬಬೇಡಿ, ನಾವು ಹೊಟ್ಟೆ ಕೆಳಗೆ ಕಟ್ಟಿಕೊಳ್ಳುತ್ತೇವೆ.

ಅನ್ನ ಪೂರ್ತಿ ಬಿಟ್ಟರೆ ಬೇಗ ಇಳಿಯುತ್ತಾ?

ನಾನು ಶುರು ಮಾಡಿದ್ದೇ ಹಾಗೆ. ಮೊದಲ ತಿಂಗಳು ಅನ್ನ ಇಲ್ಲ, ಮುದ್ದೆ ಇಲ್ಲ. ಮೊಳಕೆ ಕಾಳು, ಪಪ್ಪಾಯ, ಸೌತೆಕಾಯಿ ಅಷ್ಟೇ. ಮೂರು ಕೆಜಿ ಇಳಿಯಿತು. ಅದರಲ್ಲಿ ಬಹಳಷ್ಟು ನೀರು ಅಂತ ಆಮೇಲೆ ತಿಳಿಯಿತು. ನಾಲ್ಕನೇ ವಾರ ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತು ಅರ್ಧ ಕೆಜಿ ಮಿಕ್ಸ್ಚರ್ ಪೊಟ್ಟಣದಲ್ಲಿ ಮುಕ್ಕಾಲು ತಿಂದೆ. ನೀರು ಕುಡಿಯಲು ಎದ್ದು ಬಂದ ಅಮ್ಮ ನೋಡಿ, "ಕದ್ದು ತಿನ್ನೋ ಬದಲು ಕೂತು ಅನ್ನ ಉಣ್ಣೋ" ಅಂದರು. ಮಾರನೇ ದಿನದಿಂದ ಅನ್ನ ವಾಪಸ್ ಬಂತು.

ಅಳೆದು ಬೇಯಿಸಿ, ಅಷ್ಟೇ. ನೂರು ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ. ನಮ್ಮ ಮನೆಯ ಪಾವು ತೂಗಿ ನೋಡಿದರೆ 210 ಗ್ರಾಂ ಬಂತು. ಮೊದಲು ಮಧ್ಯಾಹ್ನದ ಊಟಕ್ಕೇ ನನ್ನ ಪಾಲಿಗೆ ಮುಕ್ಕಾಲು ಪಾವಿನ ಅನ್ನ ಹೋಗುತ್ತಿತ್ತು, ಅಂದರೆ 550 ಕ್ಯಾಲೊರಿ, ಅದೂ ಬರೀ ಅನ್ನದ್ದು. ಈಗ 70 ಗ್ರಾಂ ಅಕ್ಕಿಯ ಅನ್ನ. ಎರಡನೇ ಸಲ ಬಡಿಸಿಕೊಳ್ಳುವಾಗ ಪಲ್ಯ, ಸಾರು ಎಷ್ಟು ಬೇಕಾದರೂ ಹಾಕಿಕೊಳ್ಳುತ್ತೇನೆ. ಅನ್ನದ ಪಾತ್ರೆಯನ್ನು ಊಟದ ಜಾಗಕ್ಕೆ ತರುವುದಿಲ್ಲ. ಎದ್ದು ಹೋಗಿ ಹಾಕಿಕೊಳ್ಳುವ ಸೋಮಾರಿತನವೇ ಎಷ್ಟೋ ಸಲ ಕಾಪಾಡುತ್ತೆ.

ಮುದ್ದೆ, ಸಿರಿಧಾನ್ಯ ತಿಂದರೆ ತೂಕ ಇಳಿಯುತ್ತೆ ಅಂತಾರಲ್ಲ?

ಈ ಮಾತು ಕೇಳಿ ಕೇಳಿ ಸಾಕಾಗಿದೆ. ನೂರು ಗ್ರಾಂ ರಾಗಿ ಹಿಟ್ಟಿಗೆ ಸುಮಾರು 320 ಕ್ಯಾಲೊರಿ, ಅಕ್ಕಿಗೆ 350. ನವಣೆ, ಸಾಮೆ ಕೂಡ ಹೆಚ್ಚುಕಮ್ಮಿ ಇದೇ ಲೆಕ್ಕ. ರಾಗಿ ಬೇರೆ ವಿಷಯದಲ್ಲಿ ಮೇಲು. ನೂರು ಗ್ರಾಂಗೆ ಹತ್ತು ಗ್ರಾಂ ಮೀರಿ ನಾರು, ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ. ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ. ಹಾಲು ಬಿಟ್ಟವರಿಗಂತೂ ರಾಗಿ ಬೇಕೇ ಬೇಕು.

ಆದರೆ ಮುದ್ದೆಯನ್ನು ನಾವು ಅಗಿಯಲ್ಲ, ನುಂಗುತ್ತೇವೆ. ಹೊಟ್ಟೆಗೆ ಗೊತ್ತಾಗುವಷ್ಟರಲ್ಲಿ ಎರಡು ಮುದ್ದೆ ಒಳಗೆ ಹೋಗಿರುತ್ತೆ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 260 ಕ್ಯಾಲೊರಿ. ಒಂದು ಸಾಕು. ಹೊಲದಲ್ಲಿ ದುಡಿಯುವವರು ಮೂರು ತಿನ್ನಲಿ, ಅವರಿಗೆ ಅದು ಬೇಕು. ನಾವು ಕೂರುವುದು ಕುರ್ಚಿಯಲ್ಲಿ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು. ಈಗ ಅಂಗಡಿ ತುಂಬ ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸ್, ಮಿಕ್ಸ್ಚರ್. ಪ್ಯಾಕೆಟ್ ತಿರುಗಿಸಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಇರುತ್ತೆ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಆಗಿದ್ದರೆ ವಾಪಸ್ ಇಡಿ.

ಎಣ್ಣೆ ಎಷ್ಟು ಹಾಕಬೇಕು? ಎಣ್ಣೆ ಇಲ್ಲದೆ ಒಗ್ಗರಣೆ ಆಗುತ್ತಾ?

ಆಗಲ್ಲ. ಎಣ್ಣೆ ಇಲ್ಲದ ಒಗ್ಗರಣೆ ಬರೀ ಸುಟ್ಟ ಸಾಸಿವೆ. ಹಾಕಿ, ಆದರೆ ಲೆಕ್ಕ ಇಟ್ಟು ಹಾಕಿ.

ಸುಲಭದ ಲೆಕ್ಕ ಇದು. ನಮ್ಮ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬರುತ್ತಿತ್ತು. ನಾಲ್ಕು ಜನ, ಮೂವತ್ತು ದಿನ. ತಲೆಗೆ ದಿನಕ್ಕೆ 33 ಮಿ.ಲೀ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಅಲ್ಲಿಗೆ ಸುಮಾರು 270 ಕ್ಯಾಲೊರಿ ಬರೀ ಎಣ್ಣೆಯಿಂದ. ಈಗ ತಿಂಗಳಿಗೆ ಎರಡು ಲೀಟರ್. ತಲೆಗೆ ದಿನಕ್ಕೆ 135 ಕ್ಯಾಲೊರಿ ಉಳಿಯಿತು, ತಿಂಗಳಿಗೆ 4,000. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಹೇಳುತ್ತಾರೆ. ಹಾಗೆ ನೋಡಿದರೆ ಎಣ್ಣೆ ಒಂದರಿಂದಲೇ ತಿಂಗಳಿಗೆ ಅರ್ಧ ಕೆಜಿ. ದೇಹ ಬ್ಯಾಂಕಿನ ಪಾಸ್‌ಬುಕ್ ಥರ ಪೈಸೆ ಪೈಸೆ ಲೆಕ್ಕ ಕೊಡಲ್ಲ, ಆದರೂ ಅಂದಾಜು ಸಿಗುತ್ತೆ. ನಿಮ್ಮ ಮನೆಯ ದಿನಸಿ ಚೀಟಿ ತೆಗೆದು ಇದೇ ಭಾಗಾಕಾರ ಮಾಡಿ ನೋಡಿ.

ಕಮ್ಮಿ ಮಾಡಿದ್ದು ಹೀಗೆ. ಬಾಟಲಿಯಿಂದ ಸುರಿಯೋದು ನಿಲ್ಲಿಸಿದೆ, ಟೀ ಚಮಚದಲ್ಲೇ ಹಾಕೋದು. ಒಂದು ಚಮಚಕ್ಕೆ 40 ಕ್ಯಾಲೊರಿ. ಒಗ್ಗರಣೆ ಸೌಟನ್ನು ಓರೆ ಹಿಡಿದರೆ ಎಣ್ಣೆ ಒಂದು ಕಡೆ ಸೇರುತ್ತೆ, ಒಂದೇ ಚಮಚದಲ್ಲಿ ಸಾಸಿವೆ ಚಟಪಟ ಅನ್ನುತ್ತೆ. ಪಲ್ಯಕ್ಕೆ ಮೊದಲು ಒಗ್ಗರಣೆ ಹಾಕುವ ಬದಲು, ತರಕಾರಿಯನ್ನು ನೀರು ಚಿಮುಕಿಸಿ ಮುಚ್ಚಿ ಬೇಯಿಸಿ, ಇಳಿಸುವಾಗ ಒಗ್ಗರಣೆ ಕೊಡಿ. ಘಮ ಮೇಲೇ ಉಳಿಯುತ್ತೆ. ಎಣ್ಣೆಗಾಯಿ ಮಾಡುವಾಗ ಬದನೆಕಾಯಿಯನ್ನು ಮೊದಲು ಆವಿಯಲ್ಲಿ ಅರ್ಧ ಬೇಯಿಸಿಕೊಳ್ಳುತ್ತೇನೆ. ಮಸಾಲೆಯ ಕಡಲೆಕಾಯಿ ಬೀಜ, ಎಳ್ಳು ತಾವೇ ಎಣ್ಣೆ ಬಿಡುತ್ತವೆ. ಹುಬ್ಬಳ್ಳಿಯ ಗೆಳೆಯನೊಬ್ಬ ತಿಂದು "ಇದು ಎಣ್ಣೆಗಾಯಿ ಅಲ್ಲ, ನೀರ್ಗಾಯಿ" ಅಂದ. ಆದರೂ ಎರಡು ಸಲ ಹಾಕಿಸಿಕೊಂಡ.

ತೆಂಗಿನಕಾಯಿ ಬಿಡಬೇಕಾ?

ತಿಪಟೂರಿನವನಿಗೆ ಕಾಯಿ ಬಿಡು ಅನ್ನೋದೂ ಒಂದೇ, ಮನೆ ಬಿಡು ಅನ್ನೋದೂ ಒಂದೇ. ಬಿಟ್ಟಿಲ್ಲ. ಆದರೆ ನೂರು ಗ್ರಾಂ ಹಸಿ ಕಾಯಿಗೆ ಸುಮಾರು 350 ಕ್ಯಾಲೊರಿ, ಅದರಲ್ಲಿ 33 ಗ್ರಾಂ ಕೊಬ್ಬೇ ಇದೆ ಅಂತ ಗೊತ್ತಾದ ದಿನ ಊಟ ರುಚಿಸಲಿಲ್ಲ. ನಮ್ಮಲ್ಲಿ ಹುಳಿಗೆ ಅರ್ಧ ಹೋಳು, ಪಲ್ಯಕ್ಕೆ ಒಂದು ಹಿಡಿ, ಚಟ್ನಿಗೆ ಉಳಿದದ್ದು. ದಿನಕ್ಕೊಂದು ಕಾಯಿ ಆರಾಮಾಗಿ ಮುಗಿಯುತ್ತಿತ್ತು.

ಒಂದು ಕಂಡುಕೊಂಡೆ. ರುಬ್ಬಿದ ಕಾಯಿ ಸಾರಿನಲ್ಲಿ ಮಾಯವಾಗುತ್ತೆ, ಎಷ್ಟು ಹಾಕಿದರೂ ಇನ್ನಷ್ಟು ಬೇಕು ಅನ್ನಿಸುತ್ತೆ. ಮೇಲೆ ಉದುರಿಸಿದ ಎರಡು ಚಮಚ ಕಾಯಿತುರಿ ಕಣ್ಣಿಗೂ ಕಾಣುತ್ತೆ, ನಾಲಿಗೆಗೂ ಸಿಗುತ್ತೆ. ಹಾಗಾಗಿ ಪಲ್ಯದ ಮೇಲೆ ಉದುರಿಸೋದು ಉಳಿಸಿಕೊಂಡೆ, ರುಬ್ಬೋದನ್ನು ಕಮ್ಮಿ ಮಾಡಿದೆ. ಸಾರು ಮಂದ ಆಗಲು ಬೆಂದ ಕಾಳನ್ನೇ ಒಂದು ಸೌಟು ರುಬ್ಬಿ ಹಾಕುತ್ತೇನೆ. ಚಟ್ನಿಗೆ ಹೀರೆಕಾಯಿ ಸಿಪ್ಪೆ, ಟೊಮ್ಯಾಟೊ, ಈರುಳ್ಳಿ, ಜೊತೆಗೆ ಒಂದು ಚಮಚ ಹುರಿಗಡಲೆ. ಈಗ ಒಂದು ಕಾಯಿ ನಾಲ್ಕು ದಿನ ಬರುತ್ತೆ.

ಪ್ರೋಟೀನ್ ಎಲ್ಲಿಂದ ಬರುತ್ತೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. 70 ಕೆಜಿಯವರಿಗೆ 58 ಗ್ರಾಂ. ತೂಕ ಇಳಿಸುವಾಗ ಮಾಂಸಖಂಡ ಕರಗದಿರಲಿ ಅಂತ ನಾನು ಇನ್ನೂ ಸ್ವಲ್ಪ ಜಾಸ್ತಿ, 65ರಿಂದ 70 ಗ್ರಾಂ ನೋಡಿಕೊಳ್ಳುತ್ತೇನೆ.

ನಮ್ಮ ತೊಂದರೆ ಇರುವುದು ತಿಳಿಸಾರಿನಲ್ಲಿ. ಅದೇ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 85 ಗ್ರಾಂ ಬೇಳೆ-ಕಾಳು, 400 ಗ್ರಾಂ ತರಕಾರಿ-ಸೊಪ್ಪು ಅಂತಿದೆ. ನಾಲ್ಕು ಜನಕ್ಕೆ ದಿನಕ್ಕೆ 340 ಗ್ರಾಂ ಬೇಳೆ-ಕಾಳು ಆಯಿತು. ನಾವು ಇಡೀ ಮನೆಗೆ ಹಾಕುತ್ತಿದ್ದುದು ಎರಡು ಹಿಡಿ ತೊಗರಿಬೇಳೆ. ಸಾರಿನಲ್ಲಿ ಬೇಳೆ ಹುಡುಕಬೇಕಿತ್ತು.

ನನ್ನ ಒಂದು ದಿನ ಹೀಗಿರುತ್ತೆ. 90 ಗ್ರಾಂ ಕಾಳು-ಬೇಳೆಯಿಂದ 20 ಗ್ರಾಂ ಪ್ರೋಟೀನ್. ರಾಗಿ, ಅಕ್ಕಿಯಿಂದ 12. ಮೂವತ್ತು ಗ್ರಾಂ ಒಣ ಸೋಯಾ ಚಂಕ್ಸ್‌ನಿಂದ 15. ಕಡಲೆಕಾಯಿ ಬೀಜ ಇಪ್ಪತ್ತು ಗ್ರಾಂ, ಅದರಿಂದ 5. ಒಂದು ಲೋಟ ಸೋಯಾ ಹಾಲಿನಿಂದ 6. ತರಕಾರಿ, ಸೊಪ್ಪಿನಿಂದ ಏಳೆಂಟು. ಲೆಕ್ಕ ಮುಟ್ಟುತ್ತೆ. ಧಾನ್ಯದ ಪ್ರೋಟೀನ್‌ನಲ್ಲಿ ಕಮ್ಮಿ ಇರುವ ಅಂಶ ಕಾಳಿನಲ್ಲಿದೆ, ಕಾಳಿನಲ್ಲಿ ಕಮ್ಮಿ ಇರುವುದು ಧಾನ್ಯದಲ್ಲಿದೆ. ಮುದ್ದೆಗೆ ಹುರಳಿ ಸಾರು, ರೊಟ್ಟಿಗೆ ಮಡಿಕೆಕಾಳು ಅಂತ ಹಿರಿಯರು ಜೋಡಿ ಮಾಡಿದ್ದು ಸುಮ್ನೆ ಅಲ್ಲ.

ಸೋಯಾ ಚಂಕ್ಸ್ ಬಗ್ಗೆ ಒಂದು ಮಾತು. ಕೆಲವರು ಮೀಲ್ ಮೇಕರ್ ಅನ್ನುತ್ತಾರೆ. ಉಪ್ಪು ನೀರಿನಲ್ಲಿ ಕುದಿಸಿ, ತಣ್ಣೀರು ಹಾಕಿ, ಎರಡು ಸಲ ಗಟ್ಟಿಯಾಗಿ ಹಿಂಡಬೇಕು. ಹಿಂಡದೆ ಹಾಕಿದರೆ ಒಂಥರಾ ವಾಸನೆ ಬರುತ್ತೆ, ಆಮೇಲೆ ಜನ್ಮದಲ್ಲಿ ಯಾರೂ ಮುಟ್ಟಲ್ಲ.

ಚಳಿಗಾಲದಲ್ಲಿ ಅವರೆಕಾಳು ಇದ್ದರೆ ನನಗೆ ಬೇರೇನೂ ಬೇಡ. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅವರೆಕಾಳು ಅಕ್ಕಿ ರೊಟ್ಟಿ. ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ಅವರೆಬೇಳೆ ಜಿಲೇಬಿಯೂ ಸಿಗುತ್ತೆ. ಅದನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ.

ಒಂದೇ ಒಂದು ಅಡುಗೆ ಕಲಿಯೋದಾದರೆ ಯಾವುದು?

ಬಸ್ಸಾರು. ಎರಡು ಮಾತಿಲ್ಲ. ಒಂದೇ ಪಾತ್ರೆಯಿಂದ ಸಾರೂ ಆಗುತ್ತೆ, ಪಲ್ಯವೂ ಆಗುತ್ತೆ. ಮಂಡ್ಯ, ಹಾಸನ, ತುಮಕೂರು ಕಡೆಯವರಿಗೆ ಹೇಳಿಕೊಡಬೇಕಿಲ್ಲ, ಉಳಿದವರಿಗಾಗಿ ಬರೆಯುತ್ತೇನೆ.

ನಾಲ್ಕು ಜನಕ್ಕೆ ಒಂದೂವರೆ ಲೋಟ ಹೆಸರುಕಾಳು ಅಥವಾ ಅಲಸಂದೆ ತೆಗೆದುಕೊಳ್ಳಿ. ಸುಮಾರು 250 ಗ್ರಾಂ ಆಗುತ್ತೆ. ಅಲಸಂದೆ ಆದರೆ ರಾತ್ರಿಯೇ ನೆನೆಹಾಕಿ. ಜಾಸ್ತಿ ನೀರಿಟ್ಟು ಬೇಯಿಸಿ. ಕಾಳು ಮೆತ್ತಗಾಗಬೇಕು, ಕರಗಬಾರದು. ಆಗ ಎರಡು ಕಟ್ಟು ದಂಟಿನ ಸೊಪ್ಪು, ಒಂದು ಸಣ್ಣ ಕಟ್ಟು ಸಬ್ಬಸಿಗೆ ಹೆಚ್ಚಿ ಹಾಕಿ. ಮುಚ್ಚಳ ತೆಗೆದೇ ಐದಾರು ನಿಮಿಷ ಬೇಯಲಿ. ಬಸಿಯಿರಿ. ಕೆಳಗೆ ಬಂದ ನೀರೇ ಕಟ್ಟು, ಅದನ್ನು ಚೆಲ್ಲಿದರೆ ಅಡುಗೆಯೇ ಹೋಯಿತು.

ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ಸ್ವಲ್ಪ ಕಾಳುಮೆಣಸನ್ನು ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಬಾಡಿಸಿ. ಸಾರಿನ ಪುಡಿ, ಹುಣಸೆಹಣ್ಣು, ಒಂದು ಚಮಚ ಕಾಯಿ, ಬೆಂದ ಕಾಳು-ಸೊಪ್ಪು ಎರಡು ಸೌಟು ಸೇರಿಸಿ ನುಣ್ಣಗೆ ರುಬ್ಬಿ, ಕಟ್ಟಿಗೆ ಹಾಕಿ ಕುದಿಸಿ. ಉಳಿದ ಕಾಳು-ಸೊಪ್ಪಿಗೆ ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ. ಮೇಲೆ ಕಾಯಿತುರಿ ಉದುರಿಸಿ. ತಲೆಗೆ 60 ಗ್ರಾಂ ಕಾಳು, ಸುಮಾರು 14 ಗ್ರಾಂ ಪ್ರೋಟೀನ್, ಒಂದು ಚಮಚಕ್ಕೂ ಕಮ್ಮಿ ಎಣ್ಣೆ. ದೊಡ್ಡ ಬಟ್ಟಲಿನ ತುಂಬ ಪಲ್ಯ, ಒಂದು ಸಣ್ಣ ಮುದ್ದೆ. ಮಾರನೇ ದಿನದ ಬಸ್ಸಾರು ಇನ್ನೂ ರುಚಿ, ಅದಕ್ಕೆ ಬೇಕೆಂದೇ ಜಾಸ್ತಿ ಮಾಡುತ್ತೇನೆ.

ಇಷ್ಟು ಕಾಳು ತಿಂದರೆ ಗ್ಯಾಸ್ ಆಗಲ್ವಾ?

ಮೊದಲ ಎರಡು ಮೂರು ವಾರ ಆಗುತ್ತೆ. ಒಂದೇ ಸಲ ಜಾಸ್ತಿ ಮಾಡಬೇಡಿ. ಸಿಪ್ಪೆ ತೆಗೆದ ಹೆಸರುಬೇಳೆಯಿಂದ ಶುರು ಮಾಡಿ, ಆಮೇಲೆ ಹೆಸರುಕಾಳು, ಕೊನೆಗೆ ಕಡಲೆಕಾಳು, ಅವರೆಕಾಳು. ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ. ಇಂಗು, ಶುಂಠಿ, ಓಮ ಹಾಕಿ. ರಾತ್ರಿ ಊಟಕ್ಕೆ ಹಸಿ ಮೊಳಕೆ ಕಾಳು ಬೇಡ, ಆಫೀಸಿನಲ್ಲಿ ಮೀಟಿಂಗ್ ಇರುವ ದಿನವೂ ಬೇಡ.

ಮನೆಯವರಿಗೆ ಬೇರೆ, ನನಗೆ ಬೇರೆ ಅಡುಗೆ ಮಾಡಬೇಕಾ?

ಎರಡು ಅಡುಗೆ ಮಾಡುವವರು ತಿಂಗಳಲ್ಲಿ ಸೋಲುತ್ತಾರೆ. ಪಾತ್ರೆ ಒಂದೇ ಇರಲಿ, ತಟ್ಟೆಯಲ್ಲಿ ಬದಲಾಯಿಸಿ. ಮಗಳ ತಟ್ಟೆಗೆ ಅನ್ನ ಜಾಸ್ತಿ, ಕಾಯಿ ಜಾಸ್ತಿ, ಬೇಕಾದರೆ ತುಪ್ಪ. ಬೆಳೆಯುವ ಮಕ್ಕಳನ್ನು ನಮ್ಮ ತೂಕದ ಲೆಕ್ಕಕ್ಕೆ ಎಳೆಯಬಾರದು. ಅವಳ ಎದುರು "ನಾನು ದಪ್ಪ" ಅನ್ನುವ ಮಾತನ್ನೂ ಆಡುವುದಿಲ್ಲ. ಅಮ್ಮನಿಗೆ ಎಪ್ಪತ್ತು ದಾಟಿದೆ, ಅವರು ತೂಕ ಇಳಿಸಬೇಕಿಲ್ಲ. ಅವರಿಗೆ ಕಾಳನ್ನು ಇನ್ನೂ ಮೆತ್ತಗೆ ಬೇಯಿಸಿ ಸ್ವಲ್ಪ ಜಾಸ್ತಿಯೇ ಹಾಕುತ್ತೇನೆ.

ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಇದೆಲ್ಲ ಆಗುತ್ತಾ?

ಭಾನುವಾರ ಒಂದೂವರೆ ಗಂಟೆ ಕೊಟ್ಟರೆ ಆಗುತ್ತೆ. ಎರಡು ಬಗೆಯ ಕಾಳು ಬೇಯಿಸಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡುತ್ತೇನೆ, ಮೂರು ದಿನಕ್ಕೆ ಸಾಕು. ಬುಧವಾರ ರಾತ್ರಿ ಇನ್ನೊಂದು ಸಲ. ಹುರುಳಿಕಾಯಿ, ಕೋಸು ಹೆಚ್ಚಿಟ್ಟಿರುತ್ತೇನೆ. ಸೊಪ್ಪು ಬಿಡಿಸೋದು ಅಮ್ಮನ ಪಾಲು, ಧಾರಾವಾಹಿ ನೋಡುತ್ತಾ ಮುಗಿಸುತ್ತಾರೆ. ಬೆಳಿಗ್ಗೆ ಕುಕ್ಕರ್ ಒಂದು ಕಡೆ, ಪಲ್ಯ ಒಂದು ಕಡೆ. ನಲವತ್ತು ನಿಮಿಷದಲ್ಲಿ ತಿಂಡಿ, ಡಬ್ಬಿ ಎರಡೂ ಆಗುತ್ತೆ.

ತಿಂಡಿಗೆ ಹೆಸರುಕಾಳು ದೋಸೆ ವಾರಕ್ಕೆ ಎರಡು ಸಲ. ಹುದುಗು ಬರಬೇಕಿಲ್ಲ, ನೆನೆಸಿ ರುಬ್ಬಿದರೆ ಸಾಕು. ಉಪ್ಪಿಟ್ಟಿಗೆ ರವೆಯಷ್ಟೇ ತರಕಾರಿ ಹಾಕಿ. ಮನೆಯವರು ಮೊದಲು ಗೊಣಗುತ್ತಾರೆ.

ಕಾಫಿ?

ಕಾಫಿ ತೂಕ ಏರಿಸಲ್ಲ, ಸಕ್ಕರೆ ಏರಿಸುತ್ತೆ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ 160 ಕ್ಯಾಲೊರಿ, ಒಂದೂವರೆ ಚಪಾತಿ ತಿಂದಂತೆ ಆಯಿತು. ವಾರಕ್ಕೆ ಕಾಲು ಚಮಚದಂತೆ ಕಮ್ಮಿ ಮಾಡುತ್ತಾ ಬಂದೆ. ಈಗ ದಿನಕ್ಕೆ ಎರಡು ಲೋಟ, ಸೋಯಾ ಹಾಲು, ಸಕ್ಕರೆ ಇಲ್ಲ. ಡಿಕಾಕ್ಷನ್ ತುಂಬಾ ಬಿಸಿ ಇದ್ದಾಗ ಸೋಯಾ ಹಾಲು ಸುರಿದರೆ ಒಡೆಯುತ್ತೆ. ಹಾಲನ್ನು ಬೆಚ್ಚಗೆ ಮಾಡಿಕೊಂಡು, ಡಿಕಾಕ್ಷನ್ನನ್ನು ಅದಕ್ಕೆ ನಿಧಾನವಾಗಿ ಹಾಕಿ.

ಸಕ್ಕರೆ ಬದಲು ಬೆಲ್ಲ ಆಗಬಹುದಾ?

ರುಚಿಗೆ ಆಗಬಹುದು. ಕ್ಯಾಲೊರಿ ಹೆಚ್ಚುಕಮ್ಮಿ ಅಷ್ಟೇ.

ಎರಡು ವಾರದಿಂದ ತೂಕದ ಮುಳ್ಳು ಅಲುಗಾಡುತ್ತಿಲ್ಲ. ಏನು ತಪ್ಪಾಗಿದೆ?

ಬಹುಶಃ ಏನೂ ಇಲ್ಲ. ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದ ಮಾರನೇ ದಿನ ನನಗೆ ಒಂದು ಕೆಜಿ ಏರುತ್ತೆ. ಅದು ನೀರು. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗಾಗುತ್ತೆ. ವಾರಕ್ಕೊಮ್ಮೆ, ಬೆಳಿಗ್ಗೆ, ಏನೂ ತಿನ್ನುವ ಮುಂಚೆ, ಅದೇ ಜಾಗದಲ್ಲಿ ನಿಂತು ನೋಡಿ. ತಿಂಗಳಿಗೆ ಎಷ್ಟು ಇಳಿಯಿತು ಅನ್ನೋದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಒಂದು ತಿಂಗಳಾದರೂ ಅಲ್ಲೇ ಇದ್ದರೆ ಮೂರು ಕಡೆ ಹುಡುಕುತ್ತೇನೆ: ಒಗ್ಗರಣೆ ಚಮಚ ಮತ್ತೆ ದೊಡ್ಡದಾಗಿದೆಯಾ, ಸಂಜೆ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ ಜಾಸ್ತಿ ಆಗುತ್ತಿದೆಯಾ, ಅಡುಗೆ ಮಾಡುತ್ತಾ ರುಚಿ ನೋಡುವ ನೆಪದಲ್ಲಿ ಎಷ್ಟು ಹೋಗುತ್ತಿದೆ. ಮೂರನೆಯದು ಅಡುಗೆ ಮಾಡುವವರ ಕಾಯಿಲೆ. ಕಡಲೆಕಾಯಿ ಬೀಜ ಹುರಿಯುವಾಗ ನಾನು ತಿನ್ನುತ್ತಿದ್ದುದೇ ದಿನಾ ಒಂದು ಹಿಡಿ. ಮೂವತ್ತು ಗ್ರಾಂಗೆ 170 ಕ್ಯಾಲೊರಿ.

ಬಿ12, ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಆಗಲ್ವಾ?

ಬಿ12 ಕಮ್ಮಿ ಆಗುತ್ತೆ. ಇದರಲ್ಲಿ ಹಟ ಬೇಡ. ಗಿಡದಿಂದ ಬರುವ ಯಾವ ಆಹಾರವನ್ನೂ ಬಿ12ಗೆ ನೆಚ್ಚಿಕೊಳ್ಳಲು ಆಗಲ್ಲ. ಅಂಬಲಿಯಲ್ಲಿದೆ, ಇಡ್ಲಿ ಹಿಟ್ಟಿನ ಹುದುಗಿನಲ್ಲಿದೆ ಅನ್ನುವವರನ್ನು ನಂಬಿ ಕೂರಬೇಡಿ. ಕಮ್ಮಿಯಾದರೆ ಸುಸ್ತು, ಕೈಕಾಲು ಜೋಮು, ಮರೆವು. ನರಕ್ಕೇ ಪೆಟ್ಟು ಬೀಳಬಹುದು. ಹಾಲು ಬಿಡುವ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಮಾತ್ರೆ ತೆಗೆದುಕೊಳ್ಳಿ. ನಾನು ತೆಗೆದುಕೊಳ್ಳುತ್ತೇನೆ.

ಕಬ್ಬಿಣ ಕಾಳು, ಸೊಪ್ಪು, ಎಳ್ಳಿನಲ್ಲಿದೆ. ಅದು ಮೈಗೆ ಹತ್ತಬೇಕಾದರೆ ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇರಲಿ. ಊಟದ ಹಿಂದೆಯೇ ಕಾಫಿ, ಟೀ ಬೇಡ, ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ ದೊಡ್ಡವರಿಗೆ ದಿನಕ್ಕೆ 1,000 ಮಿ.ಗ್ರಾಂ ಬೇಕು. ಒಂದು ಮುದ್ದೆಯಿಂದ 280ರ ಹತ್ತಿರ ಬರುತ್ತೆ. ಉಳಿದದ್ದಕ್ಕೆ ಎಳ್ಳು, ನುಗ್ಗೆ ಸೊಪ್ಪು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು. ಆ ಹಾಲಿನ ಪ್ಯಾಕನ್ನು ಚೆನ್ನಾಗಿ ಅಲುಗಾಡಿಸಿ, ಕ್ಯಾಲ್ಸಿಯಂ ತಳ ಹಿಡಿದಿರುತ್ತೆ.

ಯಾರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು?

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು. ಅನ್ನ ಇದ್ದಕ್ಕಿದ್ದಂತೆ ಕಮ್ಮಿಯಾದರೆ ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳಬಹುದು. ತೂಕ ಇಳಿದಂತೆ ಬಿಪಿ ಮಾತ್ರೆಯ ಪ್ರಮಾಣವನ್ನೂ ಬದಲಾಯಿಸಬೇಕಾಗಬಹುದು. ಮೂತ್ರಪಿಂಡದ ತೊಂದರೆ ಇರುವವರು ಕಾಳು, ಸೋಯಾ ಜಾಸ್ತಿ ಮಾಡುವ ಮುಂಚೆ ಕೇಳಬೇಕು. ಥೈರಾಯ್ಡ್ ಮಾತ್ರೆಗೂ ಸೋಯಾಗೂ ನಾಲ್ಕು ಗಂಟೆಯಾದರೂ ಅಂತರ ಇರಲಿ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಏಕಾಏಕಿ ಜಾಸ್ತಿ ಮಾಡಬಾರದು. ಬಸುರಿಯರು, ಹಾಲೂಡಿಸುವ ತಾಯಂದಿರು ತೂಕ ಇಳಿಸುವ ಯೋಚನೆಯನ್ನೇ ಸದ್ಯಕ್ಕೆ ಪಕ್ಕಕ್ಕಿಡಲಿ. ಊಟ ಕಂಡರೆ ಭಯ, ತಿಂದ ಮೇಲೆ ಅಪರಾಧಿ ಭಾವ ಕಾಡುತ್ತಿದ್ದರೆ ತಕ್ಕಡಿ ಮುಚ್ಚಿಟ್ಟು ಡಾಕ್ಟರ್ ಹತ್ತಿರ ಮಾತಾಡಿ.

ಹಬ್ಬದ ದಿನ ಏನು ಮಾಡ್ತೀರಿ?

ಹೋಳಿಗೆ ತಿನ್ನುತ್ತೇನೆ. ಎರಡು, ತುಪ್ಪ ಇಲ್ಲದೆ. ಯುಗಾದಿಯ ದಿನ ತಕ್ಕಡಿ ನೋಡುವವನು ಮನುಷ್ಯನಾ? ಜೊತೆಗೆ ಒಬ್ಬಟ್ಟಿನ ಸಾರು, ದೊಡ್ಡ ಬಟ್ಟಲಿನ ತುಂಬ ಕೋಸಂಬರಿ. ಕಷ್ಟ ಕೊಡುವುದು ಹಬ್ಬ ಅಲ್ಲ, ಹಬ್ಬದ ಮಾರನೇ ದಿನ. ಡಬ್ಬಿಯಲ್ಲಿ ಉಳಿದ ಹನ್ನೆರಡು ಹೋಳಿಗೆ. ಸಂಜೆಯೇ ಹಂಚಿಬಿಡಿ.

ಏಕಾದಶಿ ಉಪವಾಸವನ್ನು ಡಯೆಟ್ ಅಂದುಕೊಳ್ಳಬೇಡಿ. ಸಬ್ಬಕ್ಕಿಯಲ್ಲಿ ಬರೀ ಪಿಷ್ಟ, ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಮನೆಯ ಸಬ್ಬಕ್ಕಿ ಉಪ್ಪಿಟ್ಟಿಗೆ ಬೀಳುತ್ತಿದ್ದ ಎಣ್ಣೆ ನೋಡಿದರೆ ಉಪವಾಸ ಯಾರದು ಅಂತ ಗೊತ್ತಾಗುತ್ತಿರಲಿಲ್ಲ.

ಹೋಟೆಲಿಗೆ ಹೋದರೆ?

ದರ್ಶಿನಿಯಲ್ಲಿ ಇಡ್ಲಿ ಸಾಂಬಾರ್, ವಡೆ ಬೇಡ. ದೋಸೆ ಬೇಕೇ ಬೇಕು ಅಂದರೆ ಎಣ್ಣೆ ಹಾಕದೆ ಕೊಡಿ ಅಂತ ಕೇಳಿ. ಭಟ್ಟರು ಒಮ್ಮೆ ಮುಖ ನೋಡುತ್ತಾರೆ, ಆಮೇಲೆ ಮಾಡಿಕೊಡುತ್ತಾರೆ.

ಹೊರದೇಶದಲ್ಲಿದ್ದೇವೆ, ದಂಟಿನ ಸೊಪ್ಪು ಎಲ್ಲಿಂದ ತರೋಣ?

ಅಮೆರಿಕದಲ್ಲಿರುವ ತಂಗಿ ಪಾಲಕ್ ಮತ್ತು ಕೇಲ್ ಅರ್ಧರ್ಧ ಹಾಕಿ ಬಸ್ಸಾರು ಮಾಡುತ್ತಾಳೆ. ಕೇಲ್ ಬೇಯಲು ಹೆಚ್ಚು ಹೊತ್ತು ಬೇಕು, ಅದನ್ನು ಮೊದಲು ಹಾಕಿ. ರಾಗಿ ಹಿಟ್ಟು, ಫ್ರೋಜನ್ ಅವರೆಕಾಳು ಭಾರತೀಯ ಅಂಗಡಿಗಳಲ್ಲಿ ಸಿಗುತ್ತೆ. ಚಳಿಗೆ ಕಾಳು ಮೊಳಕೆ ಬರಲಿಲ್ಲ ಅಂದರೆ ಓವನ್ ಉರಿಸದೆ ಒಳಗಿನ ದೀಪ ಮಾತ್ರ ಹಾಕಿ ಅದರಲ್ಲಿಡಿ.

ತಕ್ಕಡಿ ಕೊಳ್ಳಲೇಬೇಕಾ? ದಿನಾ ತೂಗುತ್ತಾ ಕೂರೋದು ಯಾರು?

ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಒಂದು ಇದ್ದರೆ ಒಳ್ಳೆಯದು. ಎರಡು ತಿಂಗಳು ಅಕ್ಕಿ, ಹಿಟ್ಟು, ಕಾಳು, ಬೀಜ ತೂಗಿದೆ. "ಮುದ್ದೆ ಮುಂದೆ ತಕ್ಕಡಿ ಇಟ್ಕೊಂಡು ಕೂತಿದೀಯಲ್ಲೋ, ಚಿನ್ನದ ಅಂಗಡಿಯವನ ಥರ" ಅಂತ ಅಮ್ಮ ನಗುತ್ತಿದ್ದರು. ಆಮೇಲೆ ಕೈಗೇ ಅಂದಾಜು ಸಿಕ್ಕಿತು, ಯಾವ ಲೋಟದಲ್ಲಿ ಎಲ್ಲಿಯ ತನಕ ಅಂತ ಕಣ್ಣಿಗೂ ಗೊತ್ತಾಯಿತು. ಈಗ ಅದರ ಮೇಲೆ ಮಗಳು ಕೇಕಿಗೆ ಮೈದಾ ತೂಗುತ್ತಾಳೆ. ನನಗೊಂದು ತುಂಡು ಎತ್ತಿಡುತ್ತಾಳೆ, ಅದನ್ನು ಮಾತ್ರ ತೂಗಿಲ್ಲ.